ನನ್ನ ಫೈಲಿನಲ್ಲಷ್ಟೇ ಹರಿದ ಕಾಲುವೆ

ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರ, ಮಹಡಿಯ ಮೇಲೆ ನಮ್ಮ ಆಫೀಸು. ಸುರಪುರದ ಹೊರಗೆ, ದೇವಾಪುರದ ಕಡೆ ಹೋಗುವ ರಸ್ತೆಯ ಬದಿಗೆ ಏಳಬೇಕಾಗಿದ್ದ ದೊಡ್ಡ ಆಸ್ಪತ್ರೆಯನ್ನು ನಾವು ಮೊದಲು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದೆವು. ಅಷ್ಟು ದೊಡ್ಡ ಕಟ್ಟಡ ಒಂದೇ ಫೈಲಿನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಗೋಡೆಯವರದು ಒಂದು ಫೈಲು, ಕಂಬ-ತೊಲೆಯವರದು ಒಂದು, ಪೈಪಿನವರದು, ಕರೆಂಟಿನವರದು, ಹೊರಗಿನ ಅಂಗಳದವರದು ಎಂದು ಪಾಲಾಗಿತ್ತು. ಕೆಲವರು ಹೈದರಾಬಾದಿನಲ್ಲಿ, ಕೆಲವರು ಕಲಬುರಗಿಯಲ್ಲಿ ಕೂತು ತಮ್ಮ ತಮ್ಮ ಪಾಲನ್ನು ಮಾಡಿ ಕಳಿಸುತ್ತಿದ್ದರು. ಅವನ್ನೆಲ್ಲ ಒಂದಕ್ಕೊಂದು ಕೂಡಿಸಿ ಇಡುವುದು ನನ್ನ ಕೆಲಸ. ಬುಟ್ಟಿ ನನ್ನದು, ರೊಟ್ಟಿ ಅವರವರದು. ನನ್ನ ಫೈಲಿನಲ್ಲಿ ನನ್ನದು ಎನ್ನುವ ಒಂದು ಇಟ್ಟಂಗಿಯೂ ಇರಲಿಲ್ಲ. ಎಲ್ಲವೂ ಕಾಣುತ್ತಿತ್ತು, ಯಾವುದನ್ನೂ ಮುಟ್ಟುವಂತಿರಲಿಲ್ಲ.

ಮನೆಯವರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ಆ ಗೋಜಿಗೇ ಹೋಗದೆ ದವಾಖಾನೆ ಕಟ್ಟುವವಳು ನಮ್ಮ ಹುಡುಗಿಯೇ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಆಸ್ಪತ್ರೆಯ ಜಾಗಕ್ಕೆ ಹೊಂದಿಕೊಂಡು ಕೆಳಗೇ ಅವಳ ಹೊಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಭತ್ತ ಬೆಳೆಯುತ್ತಿದ್ದಳು. ಕೆನಾಲು ಬಂದ ಹೊಸದರಲ್ಲಿ ಊರವರು ತೂಬಿನಿಂದ ಈಚೆಗೆ ತಾವೇ ತೋಡಿಕೊಂಡಿದ್ದ ಸಣ್ಣ ಕಾಲುವೆಯೊಂದು ಆ ಜಾಗ ಹಾದು, ಒಂದು ಬನ್ನಿ ಗಿಡದ ಹತ್ತಿರ ಬಾಗಿ, ಅವಳ ಬದುವಿಗೆ ಬರುತ್ತಿತ್ತು. ಯಾವ ನಕ್ಷೆಯಲ್ಲೂ ಇಲ್ಲದ ಕಾಲುವೆ, ಬರೀ ಮಾತಿನ ಮೇಲೆ ನಡೆದಿತ್ತು. ತನ್ನ ಪಾಳಿಯ ದಿನ ದೊಡ್ಡವ್ವ ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸಲಿಕೆ ಹೆಗಲಿಗೇರಿಸಿ ಕಾಲುವೆಗೆ ಇಳಿಯುತ್ತಿದ್ದಳು. ಆ ನೀರು ಬಿಟ್ಟರೆ ಅವಳ ಭತ್ತಕ್ಕೆ ಬೇರೆ ನೀರಿರಲಿಲ್ಲ.

ಒಂದು ಮಧ್ಯಾಹ್ನ ಅಂಗಳದವರ ಹೊಸ ಫೈಲು ಬಂತು. ಕೂಡಿಸಿ ನೋಡಿದರೆ ಕಾಲುವೆ ಇರಬೇಕಾದಲ್ಲಿ ಚಂದದ ಕಾಲುದಾರಿ! ನೆಲದಿಂದ ಗೇಣೆತ್ತರ, ಬಣ್ಣದ ಹಾಸುಗಲ್ಲು, ಬದಿಗೆ ಹೂಗಿಡ. ಊರವರ ದಾರಿ ಎಂದು ಕಾಂಪೌಂಡಿನ ಎರಡೂ ಕಡೆ ಒಂದೊಂದು ಗೇಟು ಬೇರೆ. ಬನ್ನಿ ಗಿಡದ ಹತ್ತಿರ ಅದು ಬಾಗಿದ್ದ ರೀತಿ ನೋಡಿಯೇ ನನಗೆ ಗುರುತು ಸಿಕ್ಕಿತು.

ಜಾಗ ಅಳೆದಿದ್ದ ಯಾದಗಿರಿಯ ಸರ್ವೆಯವರಿಗೆ ಫೋನ್ ಮಾಡಿದೆ.

"ದಾರೀನ ಐತ್ರಿ ಅದು," ಎಂದರು. "ಮಂದಿ ಅದರಾಗ ಅಡ್ಡಾಡಾಕತ್ತಿದ್ರು. ಕೇಳೇ ಬರಕೊಂಡೇನ್ರಿ."

ಅವರು ಅಳೆದದ್ದು ಬೇಸಿಗೆಯಲ್ಲಿ. ಆಗ ಕೆನಾಲು ಬಂದ್. ನಮ್ಮ ಕಡೆ ನೀರು ನಿಂತಿತೆಂದರೆ ಎಲ್ಲರೂ ಕಾಲುವೆಯೊಳಗೇ ನಡೆಯುತ್ತಾರೆ. ಮುಳ್ಳಿಲ್ಲ, ಮಣ್ಣು ಮೆತ್ತಗೆ, ಎರಡು ಬದಿಯ ಏರಿ ಬಿಸಿಗಾಳಿಗೆ ಅಡ್ಡ. ಪರೀಕ್ಷೆ ಬರೆಯಲು ನಾನು ಶಾಲೆಗೆ ಹೋದದ್ದೂ ಅಂಥದರಲ್ಲೇ. ಆ ಕಾಲದಲ್ಲಿ ಅದನ್ನು ಕಾಲುವೆ ಎನ್ನುವವರು ಯಾರೂ ಇಲ್ಲ. ಸರ್ವೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ದಾರಿ ಉಳಿಯಲಿಲ್ಲ.

ನಮ್ಮ ಸಾಹೇಬರ ಹತ್ತಿರ ಹೋದೆ. ಅವರು ಗಾಬರಿಯಾದರು, ದೊಡ್ಡವ್ವನ ಹೊಲಕ್ಕಲ್ಲ, ನಾನು ಸರ್ವೆ ಫೈಲಿಗೆ ಕೈ ಹಾಕಿಯೇನೆಂದು. ಯಾವುದು ಎಲ್ಲಿ ನಿಲ್ಲಬೇಕೆಂಬುದಕ್ಕೆ ಎಲ್ಲರ ಫೈಲುಗಳೂ ಅದೊಂದೇ ಮೊಳೆಗೆ ನೇತುಬಿದ್ದಿದ್ದವು. ಹಿಂದೊಮ್ಮೆ ಯಾರೋ ಅದನ್ನು ಚೂರು ಜರುಗಿಸಿದ್ದಕ್ಕೆ ಪೈಪುಗಳೆಲ್ಲ ಕಟ್ಟಡ ಬಿಟ್ಟು ರಸ್ತೆಯ ಮೇಲೆ ಹೋಗಿ ನಿಂತಿದ್ದವು. "ಅದನ್ನ ಮುಟ್ಟಬ್ಯಾಡ್ರಿ, ಕಾಮೆಂಟ್ ಹಾಕ್ರಿ," ಎಂದರು.

ಹಾಕಿದೆ. ಸರ್ವೆಯಲ್ಲಿ ಇದ್ದಂತೆ ಮಾಡಿದ್ದೇವೆ ಎಂದು ಅಂಗಳದವರು ಬರೆದರು. ಕಟ್ಟಡದ ಹೊರಗಿನ ನೀರು ನಮ್ಮದಲ್ಲ ಎಂದರು ಪೈಪಿನವರು. ಗೋಡೆಯವರು ಓದಿದರೋ ಇಲ್ಲವೋ. ಕಡೆಗೊಂದು ದಿನ ನನ್ನ ಕಾಮೆಂಟು ಹಸಿರಾಗಿತ್ತು. ಹಸಿರೆಂದರೆ ಬಗೆಹರಿದಿದೆ ಎಂದರ್ಥ. ಮತ್ತೆ ಹಾಕಿದೆ, ಮತ್ತೆ ಹಸಿರು ಮಾಡಿದರು. ಕೀಬೋರ್ಡನ್ನು ಕುಟ್ಟಿದೆ. ಪಾಪ, ಅದೇನು ಮಾಡೀತು. ಕೊನೆಗೆ ನನ್ನ ಫೈಲಿನಲ್ಲೇ ಕಾಲುವೆಯನ್ನು ನೀಲಿ ಬಣ್ಣದಲ್ಲಿ ಎಳೆದೆ, ತೂಬಿನಿಂದ ದೊಡ್ಡವ್ವನ ಬದುವಿನವರೆಗೆ, ಬನ್ನಿ ಗಿಡದ ತಿರುವನ್ನೂ ಬಿಡದೆ. ಕಟ್ಟುವ ಕೆಲಸದವರ ಕೈಗೆ ಹೋಗುವ ನಕ್ಷೆಯ ಹಾಳೆಗಳು ಅವರವರ ಫೈಲಿನಿಂದ ಹೊರಡುತ್ತವೆ, ಕೂಡಿಸುವವಳ ಫೈಲಿನಿಂದ ಒಂದೂ ಹೊರಡುವುದಿಲ್ಲ. ಎಳೆಯುವಾಗಲೂ ಅದು ನನಗೆ ಗೊತ್ತಿತ್ತು.

ಊರವರ ತಕರಾರು ಬರಬಾರದೆಂದು ಕಾಂಪೌಂಡನ್ನೂ ಆ ದಾರಿಯನ್ನೂ ಎಲ್ಲಕ್ಕಿಂತ ಮೊದಲು, ಕೆನಾಲು ಬಂದ್ ಇದ್ದಾಗಲೇ ಮುಗಿಸಿದರು. ಮಳೆಗಾಲಕ್ಕೆ ಕೆನಾಲಿಗೆ ನೀರು ಬಿಟ್ಟರು. ದೊಡ್ಡವ್ವನ ಪಾಳಿಯ ದಿನ ನಾನೂ ಹೋದೆ. ನೀರು ತೂಬಿನಿಂದ ಬಂತು, ಮೇಲಿನ ಗೇಟಿನ ಹತ್ತಿರ ದಾರಿಯ ಕಟ್ಟೆಗೆ ಬಡಿಯಿತು, ತಿರುಗಿ ರಸ್ತೆಯ ಬದಿಯ ಗುಂಡಿಗೆ ಹರಿಯಿತು. ದೊಡ್ಡವ್ವ ಸಲಿಕೆ ಊರಿ ನೋಡುತ್ತ ನಿಂತಳು. ಆಮೇಲೆ ನನ್ನ ಲ್ಯಾಪ್‌ಟಾಪ್ ತೆಗೆಸಿದಳು.

"ಐತಲ್ಲ ಮತ್ತ," ಎಂದಳು, ನೀಲಿ ಗೆರೆಯ ಮೇಲೆ ಬೆರಳಿಟ್ಟು. "ಇವರಿಗೆ ತೋರಸು."

ತೋರಿಸಿದೆ. ಸೈಟಿನ ಇಂಜಿನಿಯರು ಮರ್ಯಾದೆಯಿಂದಲೇ ನೋಡಿ, ತಮ್ಮ ಹಾಳೆಯಲ್ಲಿ ಇದ್ದದ್ದನ್ನಷ್ಟೇ ತಾವು ಕಟ್ಟುವುದು ಎಂದರು. ಅದು ಸುಳ್ಳಲ್ಲ. ನನಗೆ ಅಳು ಬಂತು. ಇದನ್ನು ದಾರಿ ಎಂದು ಸರ್ವೆಯವರಿಗೆ ಹೇಳಿದ ಪುಣ್ಯಾತ್ಮರು ಯಾರೋ, ಅವರ ಬಾಯಿಗೆ ಮಣ್ಣು ಬೀಳಲಿ ಎಂದುಬಿಟ್ಟೆ.

ದೊಡ್ಡವ್ವ ಊರಿದ್ದ ಸಲಿಕೆ ಕಿತ್ತಳು.

"ನಾನ ಹೇಳಿದ್ದೆ ಯವ್ವಾ. ಮೇವಿನ ಹೊರಿ ಹೊತಗೊಂಡು ಅದರಾಗ ಬರಾಕತ್ತಿದ್ದೆ. ಮೂರು ಕಾಲಿನ ಮಿಷನ್ ಇಟಗೊಂಡು ನಿಂತಾಂವ ಇದೇನಂತ ಕೇಳಿದ. ಬ್ಯಾಸಗ್ಯಾಗ ಅದು ದಾರೀನ ಅಲ್ಲೇನು? ನಮ್ಮ ದಾರಿ ಮುಚ್ಚಬ್ಯಾಡ್ರಿ ಅಂತ ಕೈ ಮುಗದಿದ್ದೆ."

ಅವರು ಮುಚ್ಚಿರಲಿಲ್ಲ. ದೊಡ್ಡವ್ವ ಸೀರೆ ಎತ್ತಿ ಕಟ್ಟಿದಳು, ಪಾಳಿಯ ದಿನದ ರೂಢಿಯಂತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು, ಸಲಿಕೆ ಹೆಗಲಿಗೇರಿಸಿ ಬಣ್ಣದ ಹಾಸುಗಲ್ಲಿನ ಮೇಲೆ ಹೊಲದ ಕಡೆ ನಡೆದಳು.