ಮೈನಸ್ ಹನ್ನೊಂದರ ಎಚ್ಚರ

ವೈದ್ಯರ ಕೈಗುಣವನ್ನು ಕೊಂಡಾಡುವವರು ಬಹಳ. ಆ ಕೈಗಳಿಗೆ ಆಸರೆಯಾದ ಯಂತ್ರಗಳ ಆರೋಗ್ಯ ಕಾಯ್ದವರನ್ನು ನೆನೆಯುವವರು ವಿರಳ. ತಲೆಗೂದಲು ನರೆಯುವವರೆಗೆ ಆ ಸೇವೆಯಲ್ಲಿ ನಿಂತು ಇಂದು ನಿವೃತ್ತರಾಗುತ್ತಿರುವ, ಆಸ್ಪತ್ರೆಯ ಉಪಕರಣ ವಿಭಾಗದ ಮುಖ್ಯ ಎಂಜಿನಿಯರ್ ಅವರನ್ನು ಎಲ್ಲರೂ ಅಕ್ಕರೆಯಿಂದ ಕರೆಯುವುದು ‘ಮೀಟರಮ್ಮ’ ಎಂದೇ. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ರಕ್ತದೊತ್ತಡದ ಯಂತ್ರ ಬಿಚ್ಚುತ್ತ ಸೇವೆ ಆರಂಭಿಸಿದ ಅವರು, ಕ್ರಮೇಣ ಇಡೀ ಆಸ್ಪತ್ರೆಯ ನಾಡಿ ಬಲ್ಲವರಾದರು.

ನವಜಾತ ಶಿಶುಗಳ ವಾರ್ಡಿನ ಹಿರಿಯ ಸಿಸ್ಟರ್‌ಗೆ ಅವರೆಂದರೆ ಇಂದಿಗೂ ಬೆರಗು. ಆ ಬೆರಗು ಹುಟ್ಟಿದ್ದು ವಾರ್ಡಿಗೆ ಹೊಸ ಕಂಪ್ಯೂಟರ್ ಬಂದ ದಿನ. ತೊಟ್ಟಿಲ ಬಳಿಯ ಮಾನಿಟರ್‌ಗಳು ಶಿಶುಗಳ ಉಸಿರನ್ನು ತೋರಿಸುತ್ತಿದ್ದರೂ ಸಿಸ್ಟರ್ ಮೇಜಿನ ಕಂಪ್ಯೂಟರಿಗೆ ಒಂದಂಕಿಯೂ ಬರಲಿಲ್ಲ. ಮಾನಿಟರ್‌ಗಳಿಂದ ಅಂಕಿಗಳನ್ನು ಹೊರಗೆ ಕಳಿಸುವ ಸೀರಿಯಲ್ ಪೋರ್ಟ್‌ಗಳೇ ಕೆಟ್ಟಿವೆ, ಹೊಸವನ್ನು ತರಿಸುವವರೆಗೆ ಹೊಸ ಶಿಶುಗಳನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ತೀರ್ಮಾನವಾಯಿತು. ಆದರೆ ತಿಂಗಳು ತುಂಬದೆ ಹುಟ್ಟಿದ ಕೂಸೊಂದು ಆಗಲೇ ಆಂಬುಲೆನ್ಸಿನಲ್ಲಿ ಹೊರಟಿತ್ತು. ಸಿಸ್ಟರ್ ನೆಲಮಾಳಿಗೆಗೆ ಫೋನ್ ಮಾಡಿದರು.

ಮೀಟರಮ್ಮ ಬಂದು ಮಾನಿಟರಿನ ಪೋರ್ಟಿಗೆ ವೋಲ್ಟೇಜ್ ಅಳೆಯುವ ಮೀಟರಿನ ಎರಡು ತಂತಿಗಳ ಮೊನೆ ತಾಗಿಸಿದರು. ಮೈನಸ್ ಹನ್ನೊಂದು ವೋಲ್ಟ್.

“ಮೈನಸ್ಸಾ? ಹಾಗಾದ್ರೆ ಹೋಯ್ತು ಅಂತಲೇ ಅಲ್ವಾ ಮೇಡಂ?”

“ಇಲ್ಲ ಸಿಸ್ಟರ್, ಚೆನ್ನಾಗಿದೆ ಅಂತ! ಇದರ ಭಾಷೇಲಿ ಮೈನಸ್ ಅಂದ್ರೆ ಒಂದು, ಪ್ಲಸ್ ಅಂದ್ರೆ ಸೊನ್ನೆ. ಮಾತಾಡದೆ ಇರುವಾಗ್ಲೂ ಮೈನಸ್ಸಲ್ಲೇ ಕಾಯ್ತಾ ಇರುತ್ತೆ. ಪೋರ್ಟ್ ಸತ್ತಿದ್ರೆ ಮೀಟರಲ್ಲಿ ಏನೂ ಬರ್ತಿರಲಿಲ್ಲ.”

ತಪ್ಪಿದ್ದು ಮಾನಿಟರ್‌ಗಳನ್ನು ಜೋಡಿಸಲು ಹೊಸ ಕಂಪ್ಯೂಟರಿನ ಜೊತೆ ಬಂದ ಅಡಾಪ್ಟರ್‌ಗಳಲ್ಲಿ. ಅವು ಬಲ್ಲದ್ದು ಸೊನ್ನೆಯಿಂದ ಐದು ವೋಲ್ಟಿನ ಮಾತು ಮಾತ್ರ. ಮೈನಸ್ ಹನ್ನೊಂದರ ಪೆಟ್ಟು ತಿಂದು ಸುಟ್ಟೇ ಹೋಗಿದ್ದವು. ಮೀಟರಮ್ಮ ನೆಲಮಾಳಿಗೆಯಿಂದ ಬೇರೆ ಅಡಾಪ್ಟರ್‌ಗಳನ್ನು ತಂದು, ಎರಡು ವೋಲ್ಟೇಜ್ ಮಟ್ಟಗಳ ನಡುವೆ ದುಭಾಷಿಯಂತೆ ನಿಲ್ಲುವ ಪುಟ್ಟ ಚಿಪ್ ಒಂದನ್ನು ಒಂದೊಂದಕ್ಕೂ ಬೆಸೆದು, ತಂತಿ ಸಿಕ್ಕಿಸಿದರು.

ಪರದೆಯ ಮೇಲೆ ಅಂಕಿಗಳು ಮೂಡಿದವು. ಪ್ರತಿ ಅಂಕಿಯೂ ಒಂದೊಂದು ಕೂಸಿನ ಉಸಿರು. ತೆಳ್ಳನೆಯ ತಂತಿಗಳಲ್ಲಿ ಮೈನಸ್ಸು ಪ್ಲಸ್ಸುಗಳಾಗಿ ಓಡಿ ಬಂದದ್ದು! ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತೇಬಿಟ್ಟರು. ಸಂಜೆಗೆ ಬಂದ ಕೂಸನ್ನು ಅವರೇ ಎತ್ತಿಕೊಂಡು ತೊಟ್ಟಿಲಿಗೆ ಇಳಿಸಿದರು. ಅದರ ಉಸಿರೂ ಪರದೆಗೆ ಬಂದ ಮೇಲಷ್ಟೇ ಮೀಟರಮ್ಮ ಮನೆಗೆ ಹೊರಟದ್ದು.

ನಿವೃತ್ತಿಯ ಬಳಿಕ ಮೀಟರಮ್ಮ ಆಸ್ಪತ್ರೆಯಲ್ಲೇ ವಾರಕ್ಕೊಮ್ಮೆ ಪಾಠ ಹೇಳಲು ಒಪ್ಪಿದ್ದಾರೆ. ಮೊದಲು ಹೆಸರು ಕೊಟ್ಟವರು ಸಿಸ್ಟರ್. “ಈ ವಯಸ್ಸಲ್ಲಿ ವೋಲ್ಟೇಜ್ ಕಲಿತು ಏನ್ಮಾಡ್ತೀರಿ ಅತ್ತೆ?” ಎಂದು ಸೊಸೆ ನಕ್ಕರೆ, “ಅರ್ಥ ಆಗದೇ ಇದ್ದಾಗಲೇ ಅಷ್ಟು ಖುಷಿಯಾಗಿತ್ತು ಕಣೇ, ಅರ್ಥ ಆದ್ರೆ ಇನ್ನೆಷ್ಟು!” ಎಂದರಂತೆ.

ಇಂಥ ಶಿಷ್ಯರಿಗೆ ಕಲಿಸುವಷ್ಟು ಆಯುಸ್ಸು, ಕಣ್ಣಿಗೆ ಬೆಳಕು, ಕೈಗೆ ಕಸುವು ಮೀಟರಮ್ಮನವರಿಗೆ ತುಂಬಿ ಬರಲಿ.