ಹಲ್ಲಿನ ಡಾಕ್ಟರ ಎರಡು ರೆಕ್ಕೆಯ ವಿಮಾನ

ಹೋದ ತಿಂಗಳು ನನ್ನ ದವಡೆ ಹಲ್ಲು ನೋಯಲು ಶುರುವಾಯಿತು. ಶುರುವಾಗುವುದಕ್ಕೆ ಅದಕ್ಕೆ ಶನಿವಾರ ಸಂಜೆಯೇ ಬೇಕಿತ್ತೇ? ಬಿಡದಿಯಲ್ಲಿ ಒಂದು ಕ್ಲಿನಿಕ್ಕೂ ತೆರೆದಿರಲಿಲ್ಲ. ಪಕ್ಕದ ಮನೆಯಾಕೆ ಲವಂಗದ ಎಣ್ಣೆಯ ಸಣ್ಣ ಶೀಶೆ ತಂದುಕೊಟ್ಟು, "ಹತ್ತೀಲಿ ಅದ್ದಿ ಇಟ್ಕಳಿ, ಒಸಿ ಕಡ್ಮೆ ಆಯ್ತದೆ" ಅಂದಳು. ಮುಚ್ಚಳ ತೆಗೆದೆ, ಘಾಟು ಮೂಗಿಗೆ ಬಡಿಯಿತು. ನೋವು ಇದ್ದಲ್ಲೇ ಇತ್ತು. ನಾನು ಮಾತ್ರ ಚನ್ನಪಟ್ಟಣದ ಒಂದು ಹಳೇ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯ ಮರದ ಬೆಂಚಿನ ಮೇಲೆ ಕೂತಿದ್ದೆ...

ಆ ಕೋಣೆಯಲ್ಲಿ ಲವಂಗದ ಎಣ್ಣೆಯ ಜೊತೆಗೆ ಇನ್ನೊಂದು ಘಾಟು ಇರುತ್ತಿತ್ತು. ಪ್ಲಾಸ್ಟಿಕ್ ಅಂಟಿಸುವ ಗೋಂದಿನದು. ಮೊದಲ ಸಲ ಹೋದವರು ಅದೇನೋ ಹೊಸ ಔಷಧಿ ಇರಬೇಕು ಅಂದುಕೊಳ್ಳುತ್ತಿದ್ದರು. ಗೋಡೆಯ ಉದ್ದಕ್ಕೂ ಗಾಜಿನ ಬೀರು, ಅದರೊಳಗೆ ಡಾಕ್ಟರೇ ಅಂಟಿಸಿ ಕಟ್ಟಿದ ಅಂಗೈಯಗಲದ ಪ್ಲಾಸ್ಟಿಕ್ ವಿಮಾನಗಳು. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಅವನ್ನು ನೋಡುತ್ತ ಅಳುವುದನ್ನೇ ಮರೆಯುತ್ತಿದ್ದವು. ಮಕ್ಕಳು ಹಾಗಿರಲಿ, ನಾನೂ ಮರೆತಿದ್ದೆ.

ನಾನಾಗ ಬಿಡದಿಯ ಕಾರು ಕಾರ್ಖಾನೆಯೊಂದರಲ್ಲಿ ಬಣ್ಣದ ವಿಭಾಗದಲ್ಲಿದ್ದೆ. ಬಣ್ಣ ಹೊಡೆದು ಬಂದ ಕಾರನ್ನು ದೀಪದ ಕೆಳಗೆ ನಿಂತು ನೋಡಿ ತಪ್ಪು ಹುಡುಕುವುದೇ ನನ್ನ ಕೆಲಸ. ಹಾಳು ಅಭ್ಯಾಸ, ಮನೆಗೆ ಬಂದರೂ ಬಿಡುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಚಪ್ಪರದ ಕಂಬದ ಬಣ್ಣ ನೋಡುವವಳು ನಾನು. ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ, ಮಿಷನ್ನು ಕೈಗೆ ತೆಗೆದುಕೊಂಡಾಗ ನನ್ನ ಕಣ್ಣು ಬೀರುವಿನ ಮೇಲಿತ್ತು. ಹತ್ತಿಯ ನಡುವಿನಿಂದಲೇ, "ಆ ಕೆಂಪು ವಿಮಾನದ ಬಾಲದಲ್ಲಿ ಬಣ್ಣ ಕಿತ್ತಳೆ ಸಿಪ್ಪೆ ಥರ ಆಗಿದೆ" ಅಂದುಬಿಟ್ಟೆ. ಬಣ್ಣ ನುಣ್ಣಗೆ ಕೂರದೆ ತರಿತರಿಯಾದರೆ ನಮ್ಮಲ್ಲಿ ಹಾಗೇ ಅನ್ನುವುದು.

ಮಿಷನ್ ನಿಂತಿತು. ಡಾಕ್ಟರು ಎದ್ದು ಹೋಗಿ ಬೀರು ತೆಗೆದು, ವಿಮಾನವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಬಾಯಿ ತೆರೆದುಕೊಂಡು ಕಾಯುತ್ತಿದ್ದೆ.

"ಇಷ್ಟು ವರ್ಸದಿಂದ ಐತೆ ಇದು ಇಲ್ಲಿ. ಒಬ್ರೂ ಯೋಳಿರ್ಲಿಲ್ಲ ಕಣಮ್ಮ," ಅಂದರು. ಮುಖದಲ್ಲಿ ಅಂಥ ಸಂತೋಷ! ಆಮೇಲೆ ನನ್ನ ಹಲ್ಲು ಸರಿ ಮಾಡಿ, "ಮುಂದಿನ ಭಾನ್ವಾರ ಬಾ. ನಮ್ಮೋರು ಸೇರ್ತಾರೆ," ಅಂದರು.

'ನಮ್ಮೋರು' ಅಂದರೆ ದೊಡ್ಡ ಸಂಘವೇನಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬರು ಭಾಯಿ, ಕುದೂರಿನ ಒಬ್ಬ ಬಸ್ ಡ್ರೈವರ್, ಈ ಡಾಕ್ಟರು. ಎಲ್ಲರೂ ಪ್ಲಾಸ್ಟಿಕ್ಕಿನ ಪುಟ್ಟ ಮಾದರಿಗಳನ್ನು ಕಟ್ಟುವವರು. ಭಾಯಿಗೆ ಹಡಗಿನ ಹುಚ್ಚು, ಡ್ರೈವರಿಗೆ ಯುದ್ಧದ ಟ್ಯಾಂಕು. ಡಾಕ್ಟರಿಗೆ ಮೇಲೊಂದು ಕೆಳಗೊಂದು ರೆಕ್ಕೆ ಇರುತ್ತಿದ್ದ ಹಳೇ ಕಾಲದ ವಿಮಾನಗಳೇ ಆಗಬೇಕು. ಎಲ್ಲರೂ ವರ್ಷವಿಡೀ ಅಲ್ಲಿ ಇಲ್ಲಿ ಹುಡುಕಿ, ಕೊರಿಯರಿನಲ್ಲಿ ತರಿಸಿ, ಬಿಡಿಬಿಡಿ ಭಾಗಗಳ ಕಿಟ್ಟುಗಳನ್ನು ಕೊಳ್ಳುತ್ತಿದ್ದರು. ಆದರೆ ಡಬ್ಬಿ ಬಿಚ್ಚುತ್ತಿದ್ದದ್ದು ಚಳಿಗಾಲದಲ್ಲಿ, ಎಲ್ಲರೆದುರಿಗೆ, ಆ ಕಾಯುವ ಕೋಣೆಯಲ್ಲೇ. ಮಳೆಗಾಲದ ತೇವಕ್ಕೆ ಬಣ್ಣ ಬೆಳ್ಳಗೆ ಬೂದಿ ಬಡಿದಂತಾಗುತ್ತದೆ, ಬೇಸಿಗೆಯಲ್ಲಿ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ. ದೀಪಾವಳಿ ಕಳೆದು ಮಂಜು ಬೀಳಲು ಶುರುವಾಯಿತೆಂದರೆ ನಮಗೆ ಕೆಲಸದ ಕಾಲ. ಕ್ಲಿನಿಕ್ಕಿನ ಹಿಂದೆಯೇ ಮನೆ, ಡಾಕ್ಟರ ಮನೆಯವರು ಒಳಗಿನಿಂದ ಹಿತಕಿದ ಅವರೆಬೇಳೆ ಹಾಕಿದ ಉಪ್ಪಿಟ್ಟು ಕಳಿಸುತ್ತಿದ್ದರು. ಹೊಸ ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಕತ್ತರಿಸುವಾಗ ನಾವೆಲ್ಲ ಮೇಜಿನ ಸುತ್ತ ಬಗ್ಗಿ ನಿಲ್ಲುತ್ತಿದ್ದೆವು. ಚೌಕಟ್ಟುಗಳಿಗೆ ಅಂಟಿಕೊಂಡ ಸಣ್ಣ ಸಣ್ಣ ಭಾಗಗಳು ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತಿದ್ದವು. "ಅಬ್ಬಬ್ಬಾ, ಈ ಮೊಳೆ ತಲೆ ನೋಡ್ರಪ್ಪಾ!" ಅಂತ ಡ್ರೈವರ್ ಬಾಯಿ ಬಿಡುತ್ತಿದ್ದ.

ಅಲ್ಲಿ ಎರಡು ಕಟ್ಟಳೆಗಳಿದ್ದವು. ಎರಡೂ ಡಾಕ್ಟರು ಮಾಡಿದ್ದೇ. ಹೋದ ಚಳಿಗಾಲ ಬಿಚ್ಚಿ ತೋರಿಸಿದ್ದನ್ನು ಈ ಚಳಿಗಾಲ ಕಟ್ಟಿ ತರಬೇಕು, ತರದಿದ್ದವರು ಹೊಸ ಡಬ್ಬಿ ಬಿಚ್ಚುವ ಹಾಗಿಲ್ಲ. ಇನ್ನೊಂದು, ಕಟ್ಟಿ ತಂದದ್ದು ಎಲ್ಲರ ಕೈಗೂ ಹೋಗುತ್ತದೆ, ಹಿಡಿದವರು ಒಂದು ತಪ್ಪನ್ನಾದರೂ ಹೇಳದೆ ಮುಂದಕ್ಕೆ ದಾಟಿಸುವ ಹಾಗಿಲ್ಲ. ಚೆನ್ನಾಗಿದೆ ಅನ್ನುವ ಮಾತಿಗೆ ಅಲ್ಲಿ ಬೆಲೆಯೇ ಇರಲಿಲ್ಲ. "ಚೆನ್ನಾಗೈತೆ ಅಂತ ನಮ್ಮನೆ ನಾಯೀನೂ ಬಾಲ ಆಡುಸ್ತದೆ. ನೀನೇನ್ ಕಂಡೆ ಅದ್ನ ಯೋಳು," ಅಂತ ಗದರಿಸುತ್ತಿದ್ದರು. ಒಂದು ವರ್ಷ ಡ್ರೈವರ್ ತನ್ನ ಟ್ಯಾಂಕು ಮುಗಿಸಿರಲಿಲ್ಲ. ಆಸೆಪಟ್ಟು ತರಿಸಿದ ಹೊಸ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ದಿನ ಕೂತಿದ್ದು, ಸಂಜೆ ಹಾಗೇ ಕುದೂರಿಗೆ ಹೊತ್ತುಕೊಂಡು ಹೋದ. ನಾವೆಲ್ಲ ಬೇಡಿಕೊಂಡರೂ ಡಾಕ್ಟರು ಕರಗಲಿಲ್ಲ. ನನಗೆ ಆವತ್ತು ಅವರ ಮೇಲೆ ಮೈಯೆಲ್ಲ ಉರಿದಿತ್ತು.

ಅವರ ಕೈಕೆಲಸ ಮಾತ್ರ... ಏನು ಹೇಳಲಿ! ಆ ವಿಮಾನಗಳ ಎರಡು ರೆಕ್ಕೆಗಳ ನಡುವೆ ಬಿಗಿಯಾದ ತಂತಿಗಳಿರುತ್ತವೆ. ಅದಕ್ಕೆ ಅವರು ಭಾಯಿಯಿಂದ ರೇಷ್ಮೆ ಗೂಡಿನ ಎಳೆ ತರಿಸಿಕೊಳ್ಳುತ್ತಿದ್ದರು. ಕೂದಲಿಗಿಂತ ಸಣ್ಣದು, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದನ್ನು ಹಲ್ಲಿನ ಚಿಮಟದಲ್ಲಿ ಹಿಡಿದು, ರೆಕ್ಕೆಯ ತೂತಿನೊಳಗೆ ದಾಟಿಸಿ, ಎಳೆದು, ಒಂದು ತೊಟ್ಟು ಗೋಂದು ಮುಟ್ಟಿಸುತ್ತಿದ್ದರು. ಅವರು ಕೆಲಸ ಮಾಡುವುದನ್ನು ನೋಡುತ್ತ ನಿಂತರೆ ನಾನೇ ಉಸಿರು ಹಿಡಿದಿರುತ್ತಿದ್ದೆ. ಅಂಥ ಕೈಯನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಒಂದು ವರ್ಷ ಅವರು ಕ್ಲಿನಿಕ್ಕಿಗೆ ಬೀಗ ಹಾಕಿದರು. "ಸಾಕು ಬುಡಮ್ಮ, ಎಷ್ಟು ಜನದ ಬಾಯ್ ನೋಡದು," ಅಂದರು. ನಾವು ನಂಬಿದೆವು. ಆ ಚಳಿಗಾಲವೂ ಅದೇ ಕೋಣೆಯಲ್ಲಿ ಸೇರಿದೆವು, ಅವರು ಒಂದು ದೊಡ್ಡ ಡಬ್ಬಿ ಬಿಚ್ಚಿದರು. ಮೇಲಿನ ಚಿತ್ರದಲ್ಲಿ ನಾಲ್ಕು ರೆಕ್ಕೆಯೇನೋ ಅನ್ನಿಸುವಷ್ಟು ತಂತಿಗಳಿದ್ದ ವಿಮಾನ. ಬಿಚ್ಚುವಾಗ ಕತ್ತರಿಯನ್ನು ನನಗೆ ಕೊಟ್ಟು, "ನೀನೇ ಕುಯ್ಯಿ ಅಮ್ಮಣ್ಣಿ," ಅಂದಿದ್ದರು. ಪ್ರೀತಿಗೆ ಕೊಟ್ಟರು ಅಂದುಕೊಂಡು ಬೀಗಿದ್ದೆ.

ಮುಂದಿನ ಚಳಿಗಾಲ ನಾವು ಸೇರಿದಾಗ ಅವರ ಮುಂದೆ ಹೊಸ ಡಬ್ಬಿಯೊಂದಿತ್ತು, ಕಟ್ಟಿದ ವಿಮಾನ ಇರಲಿಲ್ಲ. ಅವರ ಸರದಿ ಬಂದಾಗ, "ನಂದಾಗಿಲ್ಲ, ಮುಂದುಕ್ ನಡೀರಿ," ಅಂದರು.

ಯಾರೂ ನಡೆಯಲಿಲ್ಲ. ಡ್ರೈವರೇ ಬಾಯಿಬಿಟ್ಟ. "ಬುಡಿ ಡಾಕ್ಟ್ರೇ, ಒಂದ್ವರ್ಸ ಆಗ್ನಿಲ್ಲ ಅಂದ್ರೆ ಏನೀಗ? ಬಿಚ್ಚಿ, ನೋಡಾನ."

"ನಿನ್ನ ಕೂರುಸ್ಲಿಲ್ವೇನ್ಲಾ ನಾನು ಅವತ್ತು? ನಂಗೊಂದು ನ್ಯಾಯ, ನಿಂಗೊಂದು ನ್ಯಾಯವಾ?"

ಆಮೇಲೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಕೈಗಳು ನಡುಗುತ್ತಿದ್ದವು. ಪಕ್ಕದಲ್ಲಿದ್ದ ಟೀ ಲೋಟ ತಟ್ಟೆಯ ಮೇಲೆ ಕಟಕಟ ಅನ್ನತೊಡಗಿತು. "ನೋಡ್ಕಳಿ. ಇದು ಹೋಗೋ ಕಾಯಿಲೆ ಅಲ್ಲ," ಅಂದರು.

ಭಾಯಿಯ ಕಣ್ಣು ತುಂಬಿತು. "ಡಾಕ್ಟರ್ ಸಾಬ್, ದಾರ ನಾನ್ ಕಟ್ಕೊಡ್ತೀನಿ. ಮಿಕ್ಕಿದ್ದು ನೀವ್ ಮಾಡಿ," ಅಂದರು. ಬಣ್ಣ ನಾನು ಹೊಡೆದುಕೊಡುತ್ತೇನೆ ಅಂತ ನಾನೂ ಸೇರಿಸಿದೆ.

"ಹಂಗಾದ್ರೆ ಅದು ನಿಮ್ಮಿಬ್ರುದು ಆಯ್ತದೆ, ನಂದೆಲ್ಲಿ ಆಯ್ತದೆ? ಮುಂದಿನ ಚಳಿಗೆ ನಾನೇ ಕಟ್ಟಿ ತತ್ತೀನಿ. ಆಗ್ನಿಲ್ಲ ಅಂದ್ರೆ ಈ ಬೆಂಚಿನ ಮ್ಯಾಲೆ ಕೂರಕಿಲ್ಲ. ನಿಮ್ಗೆ ಉಪ್ಪಿಟ್ಟು ತಂದ್ಕೊಟ್ಟು ಒಳೀಕ್ ಹೋಯ್ತೀನಿ."

ಹಟ ಅಂದರೆ ಹಟ. ನನಗೆ ಕೋಪ ನೆತ್ತಿಗೇರಿತು. ಇದೇನು ಪರೀಕ್ಷೆಯೇ, ಪಾಸಾಗದಿದ್ದರೆ ಹೊರಗೆ ಹಾಕಲಿಕ್ಕೆ ಅಂತ ಜಗಳಕ್ಕೇ ಹೋದೆ. ಅವರು ನಕ್ಕರು, ಅಷ್ಟೇ. ನಾನು ಉಪ್ಪಿಟ್ಟನ್ನೂ ತಿನ್ನದೆ ಎದ್ದು ಬಂದೆ.

ಬೇಸಿಗೆಯಲ್ಲಿ ಒಂದು ದಿನ ಬಣ್ಣದ ಶೀಶೆಗಳನ್ನು ಕೊಟ್ಟುಬರೋಣ ಅಂತ ಹೋದೆ. ಕಾಯುವ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅವರ ಬೈಗುಳ ಕೇಳುತ್ತಿತ್ತು. ಯಾರನ್ನೋ ಬೈಯುತ್ತಿದ್ದಾರೆ ಅಂದುಕೊಂಡೆ, ರೇಷ್ಮೆ ಎಳೆಯನ್ನು ಬೈಯುತ್ತಿದ್ದರು! ಮನೆಯವರು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಪಿಸುದನಿಯಲ್ಲಿ ಹೇಳಿದರು. "ಬೆಳಿಗ್ಗೆ ಮಾತ್ರೆ ನುಂಗಿದ್ ಮೇಲೆ ಒಸಿ ಹೊತ್ತು ಕೈ ನಿಲ್ತದೆ ಕಣವ್ವ. ಆವಾಗ ಹೋಗಿ ಕೂತ್ಕತಾರೆ. ಒಂದು ದಾರ ಕಟ್ಟೋದ್ರೊಳಗೆ ಮತ್ತೆ ಶುರುವಾಯ್ತದೆ. ಹಂಗೇ ಎದ್ದು ಬತ್ತಾರೆ. ನಾನೇನೂ ಕೇಳಕ್ಕೋಗಲ್ಲ." ಕಟ್ಟಿದ್ದಕ್ಕಿಂತ ಹರಿದದ್ದೇ ಹೆಚ್ಚಿತ್ತಂತೆ. ಭಾಯಿಗೆ ಮತ್ತೆ ಮತ್ತೆ ಫೋನು ಮಾಡಿ ಎಳೆ ತರಿಸಿಕೊಳ್ಳುತ್ತಿದ್ದರಂತೆ. ನಾನು ಬಣ್ಣವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಅವರನ್ನು ಮಾತಾಡಿಸದೆ ಬಂದೆ. ರಾಮನಗರ ದಾಟುವವರೆಗೂ ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡೇ ಇದ್ದೆ.

ಮತ್ತೆ ಚಳಿ ಬಂತು. ಹೋಗುವಾಗ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ಕಟ್ಟಿರದಿದ್ದರೆ ಈ ಮನುಷ್ಯ ನಿಜವಾಗಿಯೂ ಒಳಗೆ ಹೋಗಿ ಕೂರುತ್ತಾರೆ, ಆಮೇಲೆ ಅವರಿಲ್ಲದ ಆ ಬೆಂಚಿನ ಮೇಲೆ ನಾವು ಕೂತು ಏನು ಮಾಡುವುದು?

ಡಾಕ್ಟರು ಸ್ವೀಟಿನ ಡಬ್ಬದಲ್ಲಿ ವಿಮಾನ ತಂದು ಮೇಜಿನ ನಡುವೆ ಇಟ್ಟರು. ದೇವರೇ, ಏನೆನ್ನಲಿ... ಮೇಲಿನ ರೆಕ್ಕೆ ಒಂದು ಕಡೆಗೆ ವಾಲಿತ್ತು. ಗೋಂದು ಮೆತ್ತಿದ ಬೆರಳು ಕೆಳಗಿನ ರೆಕ್ಕೆಗೆ ತಾಗಿ, ಪ್ಲಾಸ್ಟಿಕ್ ಕರಗಿ, ಹೆಬ್ಬೆಟ್ಟಿನ ಗುರುತು ಅಚ್ಚಾಗಿ ಕೂತಿತ್ತು. ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ, ಮೊದಲ ಸಲ ಕಟ್ಟುವವರು ಮಾಡುವ ತಪ್ಪು ಅದು. ಬಣ್ಣದ ಗೆರೆಗಳು ಅಂಕುಡೊಂಕು. ದಾರಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿದ್ದವು. ಹಿಂದಿನ ಗಾಜಿನ ಬೀರುವಿನಲ್ಲಿ ಅವರೇ ಕಟ್ಟಿದ ಆ ವಿಮಾನಗಳೆಲ್ಲ ಇದ್ದವು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಮಂಚದ ಕೆಳಗೆ ಬಚ್ಚಿಡುತ್ತಿದ್ದರು.

ಮೊದಲು ಡ್ರೈವರಿನ ಕೈಗೆ ಹೋಯಿತು. ಅವನು ತಿರುಗಿಸಿ ತಿರುಗಿಸಿ ನೋಡಿದ. 

"ಯೋಳ್ಲಾ," ಅಂದರು ಡಾಕ್ಟರು.

"ಚೆನ್ನಾಗೈತೆ ಡಾಕ್ಟ್ರೇ."

"ಥೂ ನಿನ್ನ! ಒಂದ್ವರ್ಸ ಕೂತು ಕಟ್ಟಿವ್ನಿ, ಒಂದ್ ಗಳಿಗೆ ನೆಟ್ಟಗೆ ನೋಡಕಾಗಲ್ವ ನಿಂಗೆ? ನಾನೇನು ಸತ್ತೋಗಿದ್ದೀನಾ, ಒಳ್ಳೇ ಮಾತು ಆಡಕೆ?"

ಡ್ರೈವರ್ ತಲೆ ತಗ್ಗಿಸಿ ಅದನ್ನು ನನ್ನ ಕೈಗೆ ಕೊಟ್ಟ. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಸುಳ್ಳು ಹೇಳಿದರೆ ಅವರನ್ನು ನಾನೇ ಒಳಗೆ ಕಳಿಸಿದ ಹಾಗೆ. ವಿಮಾನವನ್ನು ಬೆಳಕಿಗೆ ಹಿಡಿದು ಹೇಳಿದೆ. "ಮೇಲಿನ ರೆಕ್ಕೆ ಎಡಕ್ಕೆ ವಾಲಿದೆ ಡಾಕ್ಟ್ರೇ. ಮೂತಿ ಹತ್ತಿರದ ಕಂಬದ ಗೋಂದು ಸರಿಯಾಗಿ ಒಣಗೋ ಮೊದಲೇ ರೆಕ್ಕೆ ಕೂರಿಸಿದ್ದೀರಿ."

"ಹಾಂ!" ಅಂತ ಅವರು ಮೇಜು ಕುಟ್ಟಿದರು. "ಅದೇ ಕಣಮ್ಮ! ಕೈ ನಿಂತಿರೋವಾಗ್ಲೇ ಮುಗುಸ್ಬುಡಾನ ಅಂತ ಆತ್ರ ಬಿದ್ದೆ. ಇನ್ನೂ ಯೋಳು."

ಹೆಬ್ಬೆಟ್ಟಿನ ಗುರುತು ಹೇಳಿದೆ. ಭಾಯಿ ದಾರ ಜೋತದ್ದನ್ನು ಹೇಳಿದರು, ಎಳೆಗೆ ಒಂಚೂರು ಮೇಣ ಸವರಬೇಕಿತ್ತು ಅಂದರು. ಅಷ್ಟರಲ್ಲಿ ಡ್ರೈವರಿಗೂ ಧೈರ್ಯ ಬಂದು, ಚಕ್ರ ಸೊಟ್ಟಗಿದೆ, ಈ ಗಾಡಿ ನಮ್ಮ ಡಿಪೋದಲ್ಲಿ ಪಾಸಾಗುವುದಿಲ್ಲ ಅಂದ. ಡಾಕ್ಟರು ಪ್ರತಿ ತಪ್ಪಿಗೂ ತಲೆಯಾಡಿಸುತ್ತ, ವಾದ ಮಾಡುತ್ತ, ನಗುತ್ತ ಕೂತಿದ್ದರು. ಕೈಗಳು ಮಡಿಲಲ್ಲಿ ನಡುಗುತ್ತಲೇ ಇದ್ದವು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಆಮೇಲೆ ಅವರು ಆ ವಿಮಾನವನ್ನು ಬೀರುವಿನ ನಡುವಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವ ಕಡೆ ಇಟ್ಟರು. ಹೋದ ಚಳಿಗಾಲದಿಂದ ಕಾದಿದ್ದ ಹೊಸ ಡಬ್ಬಿಯನ್ನು ಮುಂದಕ್ಕೆ ಎಳೆದುಕೊಂಡು, ಹಾಳೆಯನ್ನು ಈ ಸಲ ತಾವೇ ಹರಿದರು.

ನಾನು ಬಹಳ ಜನರನ್ನು ಮೆಚ್ಚಿಕೊಂಡವಳಲ್ಲ. ತಪ್ಪು ಹುಡುಕುವುದೇ ಹೊಟ್ಟೆಪಾಡಾದವಳಿಗೆ ಮೆಚ್ಚುಗೆ ಸುಲಭಕ್ಕೆ ಬರುವುದಿಲ್ಲ. ಆದರೆ ಆ ದಿನದ ಡಾಕ್ಟರನ್ನು ಮೆಚ್ಚಿಕೊಂಡ ಹಾಗೆ ಇನ್ನಾರನ್ನೂ ಮೆಚ್ಚಲಿಲ್ಲ. ಕೈ ನೆಟ್ಟಗಿದ್ದಾಗ ಕಟ್ಟಿದ್ದೆಲ್ಲಕ್ಕಿಂತ, ಆ ಸೊಟ್ಟ ವಿಮಾನವನ್ನು ತಂದು ನಮ್ಮ ಮುಂದೆ ಇಟ್ಟದ್ದು ನನಗೆ ದೊಡ್ಡದಾಗಿ ಕಂಡಿತು.

ಮುಂದಿನ ಚಳಿಗಾಲಕ್ಕೆ ಅವರು ಇರಲಿಲ್ಲ. ಆ ಕೊನೆಯ ಕಿಟ್ಟಿನಲ್ಲಿ ಪೈಲಟ್ ಕೂರುವ ಸೀಟಷ್ಟೇ ಅಂಟಿತ್ತು. ಮಿಕ್ಕದ್ದನ್ನು ನಾವು ಸೇರಿ ಮುಗಿಸೋಣವೇ ಅಂತ ಭಾಯಿ ಕೇಳಿದರು. ಡಾಕ್ಟರ ಮನೆಯವರು ಒಪ್ಪಲಿಲ್ಲ. "ಬೇಡ ಕಣಪ್ಪ. ಅವ್ರುದ್ನ ಅವ್ರೇ ಕಟ್ಟಿ ತರ್ಬೇಕು ತಾನೆ," ಅಂದರು.

ಈಗ ನಾವು ರಾಮನಗರದಲ್ಲಿ ಭಾಯಿಯ ಮನೆಯ ಮೇಲಂತಸ್ತಿನಲ್ಲಿ ಸೇರುತ್ತೇವೆ. ಕನಕಪುರದ ಇಬ್ಬರು ಹೊಸಬರು ಸೇರಿಕೊಂಡಿದ್ದಾರೆ. ಒಳ್ಳೆಯವರು, ಮರ್ಯಾದಸ್ತರು. ಈ ಚಳಿಗಾಲ ನಾನೊಂದು ಹಳೇ ಮೋಟಾರು ಸೈಕಲ್ ಕಟ್ಟಿ ತೆಗೆದುಕೊಂಡು ಹೋಗಿದ್ದೆ. ಅದರ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಬಣ್ಣ ಸೋರಿದೆ, ಕುರುಡರಿಗೂ ಕಾಣುವ ಹಾಗೆ ಸೋರಿದೆ. ಅದು ಒಬ್ಬೊಬ್ಬರ ಕೈಗೂ ಹೋಯಿತು. ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ಹೊಸಬರು ಸೂಪರ್ ಆಗಿದೆ ಅಂದರು. ಭಾಯಿ ಟ್ಯಾಂಕಿನ ಹತ್ತಿರ ಒಂದು ಕ್ಷಣ ಕಣ್ಣು ನಿಲ್ಲಿಸಿ, ನನ್ನ ಮುಖ ನೋಡಿ, ಚೆನ್ನಾಗಿದೆ ಅಂದರು. ಡ್ರೈವರೂ ಚೆನ್ನಾಗೈತೆ ಅಂದ. ನಾನು ಗಾಡಿಯನ್ನು ವಾಪಸು ಡಬ್ಬಕ್ಕೆ ಇಟ್ಟುಕೊಂಡೆ. ಡಾಕ್ಟರು ಇಲ್ಲ ಅನ್ನುವುದು ನನಗೆ ಅವತ್ತು ಅರ್ಥವಾಯಿತು.