ಬಸವಣ್ಣೆಮ್ಮನ ಚಮಚದ ಬಿಸ್ಕತ್ತು

ಲಿಂಗಸುಗೂರಿನಲ್ಲಿ ಬಸವಣ್ಣೆಮ್ಮ ಬಿಸ್ಕತ್ತು ಸುಡುತ್ತಿದ್ದಾಳೆಂದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಲವಂಗ, ದಾಲ್ಚಿನ್ನಿ, ಒಣಶುಂಠಿಯ ವಾಸನೆ ಗೋಡೆ ಹಾರಿ ಹೋಗುತ್ತಿತ್ತು. ಊರಿನ ದಂಡಿನ ಛಾವಣಿಯಲ್ಲಿ ಇಂಗ್ಲಿಷ್ ದೊರೆಗಳಿದ್ದ ಕಾಲಕ್ಕೆ ಅವಳ ಅತ್ತೆ ಬಂಗಲೆಯ ಅಡುಗೆಯವನನ್ನು ನೋಡಿ ಕಲಿತ ತಿನಿಸು ಅದು. ಗೋದಿಹಿಟ್ಟು, ಬೆಲ್ಲ, ತುಪ್ಪ ಕಲಸಿ, ತಗಡಿನ ಮೇಲೆ ಚಮಚದಿಂದ ಗುಪ್ಪೆಗುಪ್ಪೆಯಾಗಿ ಬಿಡುವುದು. ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ತಿಂಗಳಿಟ್ಟರೂ ಕೆಡುತ್ತಿರಲಿಲ್ಲ. ಮಕ್ಕಳಿಲ್ಲದ ವಿಧವೆ, ದೀಪಾವಳಿಗೆ ಮಾಡಿ ಹಂಚುವುದೇ ಅವಳ ಸಡಗರ.

೧೯೪೮ರ ಬೇಸಿಗೆಯಲ್ಲಿ ಹಬ್ಬವಿಲ್ಲದೆಯೇ ಜನ ಕೇಳಿಕೊಂಡು ಬರತೊಡಗಿದರು. ಮೊದಲು ಬಂದವಳು ಎದುರುಮನೆಯ ಕಸ್ತೂರೆಮ್ಮ. ಹಿಟ್ಟು ಬೆಲ್ಲ ತಾನೇ ತಂದಿದ್ದಳು. ಮರುದಿನ ಆ ಮನೆಗೆ ಬೀಗ. ನಿಜಾಮನ ಕಡೆಯ ರಜಾಕಾರರ ಹೆದರಿಕೆಗೆ ಮಕ್ಕಳುಮರಿ ಕಟ್ಟಿಕೊಂಡು, ಹೊಳೆ ದಾಟಿ ನಿಜಾಮನ ಸೀಮೆಯಾಚೆ ಹೋಗಿದ್ದರು. ವಾರ ಬಿಟ್ಟು ಕಿರಾಣಿಯ ಹಂಪಣ್ಣನ ಮನೆಯವರು ಬಂದರು, ಅಲ್ಲಿಯೂ ಬೀಗ. ಆಮೇಲೆ ಯಾರಾದರೂ ಹಿಟ್ಟಿನ ಬುಟ್ಟಿ ಹಿಡಿದು ಬಂದರೆ ನಾಳೆ ಆ ಮನೆಗೂ ಬೀಗವೆಂದು ಬಸವಣ್ಣೆಮ್ಮನಿಗೆ ತಿಳಿಯುತ್ತಿತ್ತು. ಎಲ್ಲಿಗೆಂದು ಅವಳು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು. ಐದು ದಿನದಲ್ಲಿ ನಿಜಾಮನ ಸರಕಾರ ಶರಣಾಯಿತು. ಹೋದವರು ತಿರುಗಿ ಬರುತ್ತಾರೆಂದು ಅವಳು ಎದುರುಮನೆಯ ಕಟ್ಟೆ ಗುಡಿಸಿದಳು. ಮೂರು ದಿನ ಕಳೆದು ಮಧ್ಯಾಹ್ನ ಹಿತ್ತಲ ಬಾಗಿಲು ಬಡಿದ ಸದ್ದು. ದರ್ಜಿ ಮಹಮ್ಮದಸಾಬನ ಹೆಂಡತಿ ಕರೀಮಾಬಿ. ಸೆರಗಿನ ಕೆಳಗೆ ಹಿಟ್ಟಿನ ಗಂಟು.

“ಅಕ್ಕಾ, ಸಂಜೀಕ ಬೇಕಾಗ್ಯಾವ. ಇಷ್ಟರದ್ದೂ ಮಾಡಿಕೊಡು.”

“ನೀವ್ಯಾಕ ಹೋಗ್ತೀರಿ ಬೇ? ನಿನ್ನ ಗಂಡ ಇರಿವಿಗೂ ಕೇಡು ಬಗದಾಂವಲ್ಲ.”

“ಅದನ್ನ ಕೇಳಾವ್ರು ಯಾರಕ್ಕ ಈಗ? ಮಸ್ಕಿ ಕಡೆ ರಜಾಕಾರರ ಮ್ಯಾಲಿನ ಸಿಟ್ಟು ಸಾಬರ ಮನಿಗಳ ಮ್ಯಾಲ ತೀರಿಸ್ಕೊಳ್ಳಾಕತ್ತಾರಂತ.”

ಬಿಸ್ಕತ್ತು ಕೊಟ್ಟರೆ ಈ ಮನೆಗೂ ಬೀಗ ಬೀಳುತ್ತದೆ. ಕೊಡದಿದ್ದರೆ ಊರಲ್ಲೇ ನಿಂತಾರು, ನಾಲ್ಕು ದಿನದಲ್ಲಿ ಎಲ್ಲ ತಣ್ಣಗಾದೀತು ಎನಿಸಿತು ಬಸವಣ್ಣೆಮ್ಮನಿಗೆ. ಗಂಟು ತೆಗೆದುಕೊಂಡು, “ಇದ್ದಲಿ ತೊಯ್ದಾವ, ನಾಳಿ ಬಾ” ಎಂದಳು. ಒಣ ಇದ್ದಲಿ ಮೂಲೆಯಲ್ಲಿ ಚೀಲ ತುಂಬ ಇತ್ತು.

ಮರುದಿನ ಮನಸ್ಸು ತಡೆಯದೆ ಬೆಳಿಗ್ಗೆಯೇ ಸುಟ್ಟಳು. ಹೊತ್ತು ನೆತ್ತಿಗೆ ಬಂದರೂ ಕರೀಮಾಬಿ ಬರಲಿಲ್ಲ. ಡಬ್ಬಿ ಹಿಡಿದು ತಾನೇ ಹೋದಳು. ದರ್ಜಿಯ ಮನೆಗೆ ಬೀಗವಿರಲಿಲ್ಲ. ಬಾಗಿಲು ಹಾರುಹೊಡೆದಿತ್ತು, ಹೊಲಿಗೆ ಮಿಷನ್ನು ಅಂಗಳದಲ್ಲಿ ಮಗುಚಿ ಬಿದ್ದಿತ್ತು. ಕೂಗಿದಳು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಐದು ವರ್ಷದ ಮೇಲೆ, ಕರೀಮಾಬಿ ಸಿಂಧನೂರಿನಲ್ಲಿ ಕೌದಿ ಹೊಲಿದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆಂದು ಸುದ್ದಿ ಬಂತು. ಬಸವಣ್ಣೆಮ್ಮ ಮಾರನೆಯ ದಿನವೇ ಬಸ್ಸು ಹತ್ತಿದಳು. ಕಾಲುವೆಯ ಕೆಲಸದವರ ಗುಡಿಸಲುಗಳ ಹಿಂದೆ ಆ ಮನೆ.

“ಮಹಮ್ಮದಸಾಬ?” ಎಂದು ಕೇಳಿದಳು.

ಕರೀಮಾಬಿ ಸೂಜಿಯಿಂದ ಕಣ್ಣೆತ್ತಲಿಲ್ಲ. “ಅವತ್ತ ಸಂಜೀಕ ಹೊಂಟಿದ್ವಿ ಅಕ್ಕಾ. ಹುಡುಗ್ರಿಗೆ ದಾರ್ಯಾಗ ತಿನ್ನಾಕ ಏನೂ ಇಲ್ಲ, ಒಂದಿನ ತಡದು ಹೋಗೂಣು ಅಂದ್ರು ಅವ್ರು. ನಸುಕಿನ್ಯಾಗ ಮಂದಿ ಬಂತು. ನಮ್ಮನ್ನ ಹಿತ್ತಲ ಗ್ವಾಡಿ ಹಾರಿಸಿ, ತಾವು ಬಾಗಿಲಕ್ಕ ನಿಂತ್ರು.”

“ಇದ್ದಲಿ ತೊಯ್ದಿದ್ದಿಲ್ಲ ಬೇ,” ಎಂದಳು ಬಸವಣ್ಣೆಮ್ಮ.

“ಅವತ್ತ ಮೂಲ್ಯಾಗಿನ ಚೀಲ ನೋಡಿದ್ನಿ.”

ಕರೀಮಾಬಿ ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು. ಲಿಂಗಸುಗೂರಿನ ಕೊನೆಯ ಬಸ್ಸು ಹೊರಟ ಸದ್ದು ಕೇಳಿದರೂ ಬಸವಣ್ಣೆಮ್ಮ ಕೂತಲ್ಲಿಂದ ಏಳಲಿಲ್ಲ.